ಸೌತೆಕಾಯಿಗೆ ಸುರಿದ ನಿಂಬೆರಸ

ನನ್ನ ಮೊಮ್ಮಗಳು ಬಟ್ಟಲಿನ ತಳದಲ್ಲಿ ಉಳಿದ ನಿಂಬೆರಸವನ್ನು ಬೆರಳಿನಿಂದ ಬಳಿದು ನೆಕ್ಕುವಾಗ ನನಗೆ ಹೊಟ್ಟೆ ತುಂಬುತ್ತದೆ. ಓದಿದ್ದು ಮೂರನೇ ಕ್ಲಾಸು, ಈ ಸಂತೋಷವನ್ನು ಹೇಗೆ ಬರೆಯಬೇಕೋ ತಿಳಿಯದು. ಅವಳು ಹುಟ್ಟುವ ಮೊದಲಿನ ಕೆಲವು ದಿನಗಳನ್ನು ಬರೆಯುತ್ತೇನೆ.

ನಮ್ಮದು ದಿಬ್ಬೂರಹಳ್ಳಿ, ರೇಷ್ಮೆ ಹುಳು ಸಾಕುವ ಮನೆ. ಊರಿಗೆ ಮೊಬೈಲು ಆಗತಾನೇ ಬಂದಿದ್ದ ವರ್ಷ. ಎರಡು ಸಲ ಹೊಟ್ಟೆಯಲ್ಲೇ ಮಗು ಕಳೆದುಕೊಂಡಿದ್ದ ಮಗಳು ಏಳು ತಿಂಗಳ ಬಸುರಿಯಾಗಿ ಬಂದಿದ್ದಳು. ಅನ್ನದ ವಾಸನೆಗೇ ವಾಂತಿ. ಚಿಕ್ಕಬಳ್ಳಾಪುರದ ಡಾಕ್ಟ್ರಮ್ಮ, ಮಗು ಬೆಳೆದಿಲ್ಲ, ಹೀಗೇ ಉಪವಾಸ ಇದ್ದರೆ ಕಷ್ಟ ಎಂದಿದ್ದರು. ಹೊರಗೆ ಬಂದಾಗ ನರ್ಸಮ್ಮ ನನ್ನ ಕೈ ಹಿಡಿದರು.

"ಹಸಿ ತರಕಾರಿ ಕೊಡಮ್ಮ. ನಿಂಬೆರಸ, ಕಡ್ಲೆಕಾಯೆಣ್ಣೆ, ಒಂದ್ಚೂರು ಜೇನು, ಉಪ್ಪು, ಮೆಣಸಿನ ಪುಡಿ. ಬಾಟ್ಲಿಗೆ ಹಾಕಿ ಚೆನ್ನಾಗಿ ಕುಲುಕಿ ಮೇಲೆ ಸುರಿ."

ಹುಳು ಇರುವಾಗ ನಾವು ಒಗ್ಗರಣೆ ಹಾಕುವುದಿಲ್ಲ, ಘಾಟು ಅವಕ್ಕೆ ಆಗದು. ಇದಕ್ಕೆ ಒಲೆಯೇ ಬೇಡ. ಎಣ್ಣೆಯೂ ರಸವೂ ಬೆರೆತು ಮಜ್ಜಿಗೆಯಂತೆ ಬೆಳ್ಳಗಾಗುವ ತನಕ ಕುಲುಕಿ, ಹೆಚ್ಚಿದ ಸೌತೆಕಾಯಿಯ ಮೇಲೆ ಸುರಿದೆ. ಮಗಳು ಒಂದು ಬಟ್ಟಲು ತಿಂದಳು. ವಾಂತಿಯಾಗಲಿಲ್ಲ.

"ಅಮ್ಮಾ, ಇನ್ನೊಂಚೂರು ಇದ್ಯಾ?"

ಕುಣಿಯುವುದೊಂದು ಬಾಕಿ. ಪಕ್ಕದ ಹೊಲಕ್ಕೆ ಓಡಿದೆ. ನಮ್ಮ ಹಿಪ್ಪುನೇರಳೆ ತೋಟದ ಬದುವಿಗೆ ಅಂಟಿಕೊಂಡೇ ಅವರ ಸೌತೆಬಳ್ಳಿ. ಹೊಲದವನು ನಾಲ್ಕು ಕಾಯಿ ಕಿತ್ತುಕೊಟ್ಟು, "ಇನ್ನೂ ಬೇಕಾದ್ರೆ ಕಿತ್ಕೊ ಅಕ್ಕ. ನಾಳೆ ಬೆಳಿಗ್ಗೆ ಔಷಧಿ ಹೊಡೀತೀನಿ, ಬದು ಕಡೆ ಹಿಪ್ಪುನೇರಳೆ ಸೊಪ್ಪೂ ಇವತ್ತೇ ಕೊಯ್ಕೊಳ್ಳಿ" ಎಂದ. ಔಷಧಿ ಹೊಡೆಯುವ ಮುಂಚೆ ಹುಳುವಿನ ಮನೆಗೆ ಹೇಳುವುದು ನಮ್ಮಲ್ಲಿ ಕಟ್ಟುಪಾಡು. "ಹೂಂ ಕಣಪ್ಪ" ಅಂದೆ. ಮನೆ ಮುಟ್ಟುವಷ್ಟರಲ್ಲಿ ಮರೆತೆ.

ಮಾರನೆಯ ದಿನ ಮಧ್ಯಾಹ್ನ ಅದೇ ಬದುವಿನಲ್ಲಿ ಸೊಪ್ಪು ಕೊಯ್ದೆ, ಅದೇ ಬಳ್ಳಿಯಲ್ಲಿ ಕಾಯಿ ಕಿತ್ತೆ. ಮೊದಲೇ ನಿಂಬೆ ಹಿಂಡಿಟ್ಟು ಬಂದಿದ್ದ ಕೈಯೆಲ್ಲ ಅದೇ ನಾರುತ್ತಿತ್ತು, ಬೇರೆ ವಾಸನೆ ಮೂಗಿಗೆ ತಾಕಲೇ ಇಲ್ಲ. ಹುಳುವಿಗೆ ಸೊಪ್ಪು ಹಾಕಿದೆ, ಮಗಳಿಗೆ ಬಟ್ಟಲು ಕೊಟ್ಟೆ.

ಇಳಿಹೊತ್ತಿಗೆ ಹುಳುಮನೆ ನಿಶ್ಶಬ್ದವಾಗಿತ್ತು. ದೊಡ್ಡ ಹುಳು ಸೊಪ್ಪು ಮೇಯುವಾಗ ಸಣ್ಣ ಮಳೆಯ ಸದ್ದು ಇರುತ್ತದೆ. ಅದು ನಿಂತಿತ್ತು. ನಮ್ಮವರು ಹುಳು ಮೇಯುವ ತಟ್ಟೆ ಎಳೆದರು. ಹುಳುಗಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತ ಹಸಿರು ನೀರು ಕಾರುತ್ತಿದ್ದವು.

"ಔಷಧಿ ಸೊಪ್ಪು ಕಣೇ ಇದು! ಯಾವ ಕಡೆ ಕೊಯ್ದೆ?"

"ಬದು ಕಡೆ" ಅಂದೆ. ಅಂದ ಮೇಲೆ ನೆನಪಾಯಿತು. "ಸೌತೆಕಾಯೂ ಅಲ್ಲಿದ್ದೇ."

ಅವರು ತಟ್ಟೆ ಅಲ್ಲೇ ಬಿಟ್ಟು ಆಟೋ ಕರೆಯಲು ಓಡಿದರು. ಮಗಳು ಚೆನ್ನಾಗಿಯೇ ಇದ್ದಳು. ಅದೇ ನನಗೆ ಹೆಚ್ಚು ಭಯ. ಹುಳುವೂ ಮಧ್ಯಾಹ್ನ ಚೆನ್ನಾಗಿಯೇ ಇತ್ತು.

ಶಿಡ್ಲಘಟ್ಟ ದಾಟುವಾಗ ಅವಳು ಹೊಟ್ಟೆಯ ಮೇಲೆ ಕೈಯಿಟ್ಟು, "ಮಗು ಒದೀತಿಲ್ಲಮ್ಮ" ಎಂದಳು. ಆಸ್ಪತ್ರೆಯಲ್ಲಿ ಡಾಕ್ಟ್ರಮ್ಮ ಹೊಟ್ಟೆಯ ಮೇಲೆ ಯಂತ್ರ ಇಟ್ಟು, ಸರಿಸಿ, ಮತ್ತೆ ಸರಿಸಿದರು. ಬರೀ ಗರಗರ. ಆಮೇಲೆ ಕುದುರೆ ಓಡಿದ ಹಾಗೆ ಸದ್ದು.

"ಮಗು ಮಲಗಿತ್ತು ಅಷ್ಟೇ. ಎರಡು ದಿನ ಇಲ್ಲೇ ಇರ್ಲಿ, ನೋಡೋಣ."

ಆ ಎರಡು ದಿನವೂ ನಾನು ಆ ಸದ್ದನ್ನೇ ಕೇಳಿಸಿ ಎಂದು ನರ್ಸಮ್ಮನ ಸೆರಗು ಹಿಡಿದು ತಿರುಗಿದೆ. ಊರಲ್ಲಿ ಹುಳುವನ್ನೆಲ್ಲ ಗುಂಡಿ ತೋಡಿ ಹೂತರು. ನಮ್ಮವರು ಒಂದು ಮಾತೂ ಬೈಯಲಿಲ್ಲ.

ಎರಡು ತಿಂಗಳಿಗೆ ಇವಳು ಹುಟ್ಟಿದಳು, ಚಿನ್ನದಂಥವಳು! ಈಗ ಬಾಟಲಿ ಕುಲುಕುವ ಕೆಲಸ ಅವಳದೇ. ನಾನು ಕೈಯನ್ನು ಸೋಪು ಹಾಕಿ ತೊಳೆದು, ಸೌತೆಕಾಯನ್ನು ಉಪ್ಪುನೀರಿನಲ್ಲಿ ನೆನೆಸಿ, ಒಂದೊಂದನ್ನೂ ಮೂಗಿಗೆ ಹಿಡಿದು ನೋಡುತ್ತೇನೆ. ನಿಂಬೆ ಹೆಚ್ಚುವುದು ಆಮೇಲೆ.

"ಅದ್ಯಾಕಜ್ಜಿ ದಿನಾ ಮೂಸ್ತೀಯ? ಸೌತೆಕಾಯಿ ಏನ್ ಹೂವಾ?"

"ಸುಮ್ನೆ ಕುಲುಕಮ್ಮ ನೀನು" ಅನ್ನುತ್ತೇನೆ, ಇನ್ನೊಂದನ್ನು ಮೂಗಿಗೆ ಹಿಡಿಯುತ್ತ.