ಕೆ.ಆರ್. ಪುರದಾಚೆಯ ಇಸ್ತ್ರಿ ಮೇಜಿನವರೆಗೆ

ಬೆಳಿಗ್ಗೆ ಎಂಟರ ಹೊತ್ತಿಗೇ ಶಿವಾಜಿನಗರ ಬಸ್ ನಿಲ್ದಾಣದ ನೆಲ ಕಾದಿತ್ತು. ಕೆ.ಆರ್. ಪುರದ ಬಸ್ಸು ಹತ್ತಿ, ಹೆಂಗಸರಿಗೆ ಕೊಡುವ ಉಚಿತ ಟಿಕೆಟ್ ಪಡೆದು, ಬಿಸಿಲು ಬೀಳದ ಬದಿಯಲ್ಲಿ ಕೂತೆ. ಪಕ್ಕದ ಸೀಟಿನ ಮೇಲೆ ಬ್ಯಾಗಿಟ್ಟು ಜಾಗ ಹಿಡಿದೆ. ಹಲಸೂರಿನಲ್ಲಿ ಸೆಲ್ವಿ ಹತ್ತುವವಳಿದ್ದಳು.

ನಾನು ಬಹಳ ವರ್ಷ ಗಾರ್ಮೆಂಟ್ಸ್‌ನಲ್ಲಿ ಹೊಲಿದವಳು, ಈಗ ಕಾರ್ಮಿಕರ ಸಂಘದ ಕೆಲಸ ನೋಡಿಕೊಳ್ಳುತ್ತೇನೆ. ಮರ್ಫಿ ಟೌನಿನ ಸೆಲ್ವಿ ಕೆ.ಆರ್. ಪುರದಾಚೆಯ ಒಂದು ಕಾರ್ಖಾನೆಯಲ್ಲಿ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಹಿಂದಿನ ವಾರ ಸೆಕೆ ತಾಳಲಾರದೆ ಮೇಜಿನ ಮುಂದೆಯೇ ತಲೆ ತಿರುಗಿ ಬಿದ್ದಿದ್ದಳು. ಮೈಯಲ್ಲಿ ಶಕ್ತಿ ಇಲ್ಲದವರು ಮನೆಯಲ್ಲಿರಲಿ ಎಂದು ಮ್ಯಾನೇಜರ್ ಅವಳನ್ನು ಕಳಿಸಿಬಿಟ್ಟಿದ್ದರು. ಅವಳ ಕೆಲಸ ವಾಪಸ್ ಪಡೆಯಬೇಕು, ಆ ಸೆಕೆಗೂ ಏನಾದರೂ ಮಾಡಿಸಬೇಕು ಎಂದೇ ನಾವು ಹೊರಟಿದ್ದು.

ಸೆಲ್ವಿ ಕಂಪನಿಯ ನೀಲಿ ಕೋಟು ಹಾಕಿಕೊಂಡೇ ಬಸ್ಸು ಹತ್ತಿದಳು. ಇದ್ಯಾಕೆ ಎಂದು ಕೇಳಿದೆ.

“ಕೆಲಸಕ್ಕೆ ತಾನೇ ಹೋಗ್ತಿರೋದು, ಆಪಾ,” ಎಂದಳು. ಅಕ್ಕ ಎನ್ನುವ ಬದಲು ಅವಳು ನನ್ನನ್ನು ಕರೆಯುವುದೇ ಹಾಗೆ.

ಇಂದಿರಾನಗರದ ಬದಿ ದಾಟುವವರೆಗೆ ಅಲ್ಲಲ್ಲಿ ಮರಗಳಿದ್ದವು, ಕಿಟಕಿಯಿಂದ ಬರುವ ಗಾಳಿ ಹಿತವಾಗಿತ್ತು. ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸು ತೆವಳತೊಡಗಿತು. ಮೆಟ್ರೊ ಕಂಬದ ತೆಳು ನೆರಳಲ್ಲಿ ಡೆಲಿವರಿ ಹುಡುಗರು ಗಾಡಿ ನಿಲ್ಲಿಸಿಕೊಂಡು ಒತ್ತಿಕೊಂಡು ನಿಂತಿದ್ದರು. ರಸ್ತೆ ಅಗೆಯುವವರಿಗೆ ಅಷ್ಟು ನೆರಳೂ ಇರಲಿಲ್ಲ. ಭೂಮಿ ಬಿಸಿಯಾಗುತ್ತಿದೆ ಎಂದು ಸಭೆಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಅದರ ಬಿಸಿ ಮೊದಲು ಯಾರಿಗೆ ತಟ್ಟುತ್ತದೆ ಎಂಬುದು ಆ ಬಸ್ಸಿನ ಕಿಟಕಿಯಿಂದಲೇ ಕಾಣುತ್ತಿತ್ತು.

ತೂಗುಸೇತುವೆ ದಾಟಿ ಕೆ.ಆರ್. ಪುರದಲ್ಲಿ ಇಳಿದೆವು. ಮಜ್ಜಿಗೆ ಕುಡಿದು, ತಲೆಗೆ ಇಪ್ಪತ್ತು ರೂಪಾಯಿ ಕೊಟ್ಟು ಶೇರ್ ಆಟೊದಲ್ಲಿ ಕಾರ್ಖಾನೆ ತಲುಪಿದೆವು.

ಮ್ಯಾನೇಜರ್ ನಮ್ಮನ್ನು ಎ.ಸಿ. ಕೋಣೆಯಲ್ಲಿ ಮರ್ಯಾದೆಯಿಂದಲೇ ಕೂರಿಸಿದರು. ಗಿಡ ನೆಡಿ, ನೀರು ಉಳಿಸಿ ಎನ್ನುವ ದೊಡ್ಡ ಚಿತ್ರ ಗೋಡೆಯ ಮೇಲಿತ್ತು. ವಿದೇಶದ ಖರೀದಿದಾರರು ಬಂದಾಗ ಅದರ ಮುಂದೆಯೇ ಫೋಟೊ ತೆಗೆಸುತ್ತಾರೆಂದು ಸೆಲ್ವಿ ಪಿಸುಗುಟ್ಟಿದಳು.

“ಊರೇ ಕಾದ್ಹೋಗಿದೆಯಮ್ಮ, ಅದಕ್ಕೆ ನಾನೇನ್ ಮಾಡ್ಲಿ?” ಎಂದರು ಮ್ಯಾನೇಜರ್.

ಉಳಿದ ಮಾತು ಇಸ್ತ್ರಿ ಮೇಜಿನ ಹತ್ತಿರವೇ ಆಡೋಣ ಎಂದೆ. ಅವರು ಹಿಂದೆಮುಂದೆ ನೋಡುವಷ್ಟರಲ್ಲಿ ಸೆಲ್ವಿ ಎದ್ದು ನಡೆದಾಗಿತ್ತು. ಮ್ಯಾನೇಜರೂ ನಾನೂ ಅವಳ ಹಿಂದೆ ಹೋದೆವು.

ತಗಡಿನ ಸೂರು, ಕೆಳಗೆ ಹಬೆ. ಬಟ್ಟೆ ಕಳುವಾಗಿ ಹೊರಗೆ ಹೋಗದಿರಲೆಂದು ಕಿಟಕಿಗಳಿಗೆಲ್ಲ ಮೊಳೆ ಹೊಡೆದಿದ್ದರು. ಸೆಲ್ವಿಯನ್ನು ಕಂಡು ಒಬ್ಬ ಹೆಂಗಸು ಇಸ್ತ್ರಿ ಪೆಟ್ಟಿಗೆ ಆರಿಸಿದಳು. ಆಮೇಲೆ ಪಕ್ಕದವಳು, ಅವಳ ಪಕ್ಕದವಳು. ಕೂಗಾಟವಿರಲಿಲ್ಲ, ಹಬೆಯ ಸದ್ದಷ್ಟೇ ನಿಂತಿತು. ಮ್ಯಾನೇಜರ್ ಕನ್ನಡಕ ತೆಗೆದು ಮುಖದ ಬೆವರು ಒರೆಸಿಕೊಂಡರು.

ಸೆಲ್ವಿ ತನ್ನ ಮೇಜಿನ ಹಿಂದೆ ಹೋಗಿ ನಿಂತಳು. “ಸರ್, ನನ್ನ ಮೈಯಲ್ಲಿ ಶಕ್ತಿ ಇದೆ. ಇಲ್ಲಿ ಗಾಳಿ ಇಲ್ಲ.”

ಮ್ಯಾನೇಜರ್ ಮೊಳೆ ಕೀಳಲು ಆಳು ಕಳಿಸಿ ಎಂದು ಫೋನು ಮಾಡಿದರು. ಕಿಟಕಿಗೆ ಜಾಲರಿ, ಇನ್ನಷ್ಟು ಫ್ಯಾನು, ಕೈಗೆಟುಕುವಂತೆ ಕುಡಿಯುವ ನೀರು, ಮಧ್ಯಾಹ್ನ ಎರಡು ಸಲ ಬಿಡುವು ಎಂದು ನಾವು ಕೇಳಿದ್ದನ್ನು ಅಷ್ಟೂ ಹೆಂಗಸರ ಎದುರಿಗೇ ಒಪ್ಪಿಕೊಂಡರು. ಸೆಲ್ವಿ ನಾಳೆಯಿಂದ ಬರಬಹುದೆಂದರು. ಇವತ್ತಿನಿಂದಲೇ ಎಂದು ಅವಳು ಪೆಟ್ಟಿಗೆಯ ಸ್ವಿಚ್ ಹಾಕಿದಳು. ಮೊದಲ ಕಿಟಕಿ ತೆರೆದಾಗ ನುಗ್ಗಿದ್ದು ರಸ್ತೆಯ ಧೂಳು ತುಂಬಿದ ಗಾಳಿ. ಆದರೂ ಹೆಂಗಸರೆಲ್ಲ ಅದಕ್ಕೆ ಮುಖವೊಡ್ಡಿ ನಿಂತರು.

ಹಿಂತಿರುಗುವಾಗ ಬಸ್ಸಿನಲ್ಲಿ ನಾನೊಬ್ಬಳೇ. ಸಂಜೆ ಬರುತ್ತೇನೆಂದು ಅಮ್ಮನಿಗೆ ಹೇಳಿಬಿಡಿ ಎಂದು ಸೆಲ್ವಿ ಕೇಳಿಕೊಂಡಿದ್ದರಿಂದ ಹಲಸೂರಿನಲ್ಲಿ ಇಳಿದು ಮರ್ಫಿ ಟೌನಿಗೆ ನಡೆದೆ. ಅವಳ ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿದೆ.

“ಕೂತ್ಕೊಂಡು ಕೆಲಸ ಮಾಡೋಕೆ ಬಿಡ್ತಾರಾ?” ಎಂದು ಕೇಳಿದರು.

ಇಲ್ಲ, ದಿನವಿಡೀ ನಿಂತೇ ಮಾಡಬೇಕು. ಬಿಡುವಿನಲ್ಲಿ ಕೂರಲಿಕ್ಕೂ ಒಂದು ಸ್ಟೂಲಿಲ್ಲ. ಅದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ಹಾಗೆಂದೇ ಹೇಳಿದೆ.

ಆಕೆ ಒಳಗೆ ಹೋಗಿ ಒಂದು ಲೋಟ ತಣ್ಣನೆಯ ನೀರು ತಂದು ನನ್ನ ಕೈಗಿಟ್ಟರು.

“ಕುಡೀರಿ. ಮೊಳೆ ಕಿತ್ತೋರು ಸ್ಟೂಲೂ ಕೊಡ್ತಾರೆ. ಹೋಗಿ ಕೇಳಿ,” ಎಂದರು.