ಗ್ಯಾರೇಜಿನ ವಿಮಾನಕ್ಕೆ ಬ್ರೇಕು ಹಿಡಿಯಲಿಲ್ಲ

ನನ್ನ ಮಾನ ಹೋದದ್ದು ಆಕ್ಲೆಂಡಿನ ತಕಾನಿನಿ ಬಡಾವಣೆಯ ನಮ್ಮ ಮನೆಯ ಗ್ಯಾರೇಜಿನಲ್ಲಿ, ಹೆತ್ತಮ್ಮನ ಎದುರಿಗೆ. ಕಾರು ನಿಲ್ಲಬೇಕಾದ ಜಾಗದಲ್ಲಿ ನಾನೊಂದು ವಿಮಾನ ಇಟ್ಟುಕೊಂಡಿದ್ದೆ. ವಿಮಾನವೆಂದರೆ ದೊಡ್ಡದೊಂದು ಪರದೆ, ಕಂಪ್ಯೂಟರು, ಕೈಗೊಂದು ಹಿಡಿ, ಕಾಲಿಗೆ ಪೆಡಲುಗಳು, ಹಳೆಯ ಕಾರೊಂದರಿಂದ ಕಿತ್ತು ತಂದ ಸೀಟು. ನಾನು ಅದನ್ನು ಸಿಮ್ಯುಲೇಟರ್ ಎನ್ನುತ್ತಿದ್ದೆ, ಹೆಂಡತಿ ‘ನಿಮ್ಮ ಆಟದ ಸಾಮಾನು’ ಎನ್ನುತ್ತಿದ್ದಳು. ಕಾರು ಹೊರಗೆ ಮಳೆಯಲ್ಲಿ ನೆನೆಯುತ್ತಿತ್ತು.

ಆ ವರ್ಷ ಅಮ್ಮ ಮೈಸೂರಿನಿಂದ ಬಂದದ್ದು ತಂಗಿಯ ಬಾಣಂತನಕ್ಕೆ. ತಂಗಿ ಇದ್ದದ್ದು ಕ್ರೈಸ್ಟ್‌ಚರ್ಚಿನ ರಿಕ್ಕರ್ಟನ್‌ನಲ್ಲಿ. ಹೆರಿಗೆಗೆ ಇನ್ನೂ ದಿನವಿದೆ, ಮೊದಲು ಮಗನ ಮನೆ ನೋಡೋಣವೆಂದು ಅಮ್ಮ ಆಕ್ಲೆಂಡಿನಲ್ಲಿ ಇಳಿದಳು. ಜೊತೆಗೆ ಪರಿಚಯದ ಕುಟುಂಬವೊಂದಿತ್ತು. ಆದರೂ ವಿಮಾನ ನೆಲ ಮುಟ್ಟಿ ಗಕ್ಕನೆ ಬ್ರೇಕು ಹಿಡಿದಾಗ ಜೀವ ಬಾಯಿಗೆ ಬಂತಂತೆ. “ಸದ್ಯಕ್ಕೆ ಆ ಸಹವಾಸ ಬೇಡಪ್ಪ” ಎನ್ನುತ್ತಿದ್ದಳು. ಅಷ್ಟರಲ್ಲಿ ಮಗು ದಿನಕ್ಕೆ ಮುಂಚೆಯೇ ಹುಟ್ಟಿಬಿಟ್ಟಿತು.

ತಂಗಿ ಸ್ಕೈಪ್‌ನಲ್ಲಿ ಅಳುತ್ತಲೇ ಮಾತಾಡಿದಳು. “ಅಣ್ಣ, ಸೊಂಟ ಬಿದ್ದುಹೋಗಿದೆ ಕಣೋ. ಮಗೂಗೆ ನೀರು ಹಾಕಕ್ಕೂ ಕೈ ನಡುಗತ್ತೆ. ಇವ್ರಿಗೆ ಉಪ್ಪಿಟ್ಟು ಬಿಟ್ರೆ ಇನ್ನೇನೂ ಮಾಡಕ್ಕೆ ಬರಲ್ಲ. ಅಮ್ಮನ್ನ ಕರ್ಕೊಂಡು ಬಾರೋ.”

“ನಂಗೆ ರಜಾ ಸಿಗಲ್ಲಮ್ಮ. ಫ್ಯಾಕ್ಟರೀಲಿ ಹೊಸ ಮಷೀನ್ ಕೂರಿಸ್ತಿದೀವಿ. ಅಮ್ಮನ್ನ ಇಲ್ಲಿ ಹತ್ತಿಸ್ತೀನಿ, ಅಲ್ಲಿ ನಿಮ್ಮವರು ಇಳಿಸ್ಕೊಳ್ಳಲಿ.”

ಪಕ್ಕದಲ್ಲಿ ಕೂತಿದ್ದ ಅಮ್ಮ, “ಒಬ್ಬಳೇನಾ?” ಎಂದಳು. ಅವಳಿಗೆ ಬ್ರೇಕಿನದೇ ಭಯ ಎಂದು ನಾನು ತೀರ್ಮಾನಿಸಿಬಿಟ್ಟೆ. ಯಂತ್ರದ ಭಯಕ್ಕೆ ಯಂತ್ರವೇ ಮದ್ದು ಎನ್ನುವ ಜಾತಿ ನನ್ನದು.

“ಬಾಮ್ಮ, ತೋರಿಸ್ತೀನಿ. ಬ್ರೇಕು ಪೈಲಟ್ ಒತ್ತೋದೇ ಬೇಡ. ಮುಂಚೇನೇ ಸ್ವಿಚ್ ತಿರುಗಿಸಿಟ್ಟಿದ್ರೆ ಇಳಿದ ತಕ್ಷಣ ತಾನಾಗೇ ಹಿಡಿಯತ್ತೆ” ಎಂದು ಅವಳನ್ನು ಗ್ಯಾರೇಜಿಗೆ ಕರೆದೊಯ್ದು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಕ್ರೈಸ್ಟ್‌ಚರ್ಚಿನ ರನ್‌ವೇಗೆ ವಿಮಾನ ಇಳಿಸಿದೆ. ಇಳಿದದ್ದು ಹೂವಿನ ಹಾಗೆ. ಜಂಬಕ್ಕೆ ಎರಡೂ ಕಾಲು ಎತ್ತಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು, “ನೋಡು, ನಾನು ಏನೂ ಮಾಡ್ತಿಲ್ಲ” ಎಂದು ಅವಳ ಕಡೆ ತಿರುಗಿದೆ.

ಅವಳು ಪರದೆಯನ್ನೇ ನೋಡುತ್ತಿದ್ದಳು. “ನಿಲ್ತಾ ಇಲ್ವಲ್ಲೋ!”

ವಿಮಾನ ರನ್‌ವೇ ಮುಗಿಸಿ, ಹುಲ್ಲಿಗೆ ನುಗ್ಗಿ, ಒಂದು ಬೇಲಿಯನ್ನೂ ಎಗರಿಸಿ ನಿಂತಿತು. ಆಟೊಬ್ರೇಕ್ ಕೈಬಿಟ್ಟಿದೆ ಎಂಬ ಹಳದಿ ದೀಪ ಮುಂದೆ ಉರಿಯುತ್ತಿತ್ತು. ಮತ್ತೆ ಇಳಿಸಿದೆ, ಮತ್ತೆ ಹುಲ್ಲು. ಅಮ್ಮ ಎದ್ದು, “ಅನ್ನಕ್ಕಿಡ್ತೀನಿ” ಎಂದು ಒಳಗೆ ಹೋದಳು. ಬಾಗಿಲಲ್ಲಿ ನಿಂತಿದ್ದ ಹೆಂಡತಿ, “ಧೈರ್ಯ ತುಂಬೋ ಚೆಂದ ನೋಡ್ರೀ!” ಎಂದಳು. ನನಗೆ ಕಿವಿಯವರೆಗೂ ಬಿಸಿಯೇರಿತು.

ನಾಚಿಕೆಯಾದರೆ ನನಗೆ ಸಿಟ್ಟು ಬರುತ್ತದೆ, ಅದು ನನ್ನ ಕೆಟ್ಟ ಗುಣ. ಈ ಹವ್ಯಾಸದವರೆಲ್ಲ ಸೇರುವ ಅಂತರ್ಜಾಲದ ಕಟ್ಟೆಯೊಂದಿತ್ತು. ಈ ವಿಮಾನ ತಯಾರಿಸಿದವರಿಗೆ ಬ್ರೇಕು ಅಂದರೇನೆಂದೇ ಗೊತ್ತಿಲ್ಲ ಎಂದು ಅಲ್ಲಿ ಬರೆದು ಹಾಕಿದೆ. ಯಾರೋ ಪುಣ್ಯಾತ್ಮ ಸಮಾಧಾನವಾಗಿ ಉತ್ತರಿಸಿದ: ‘ಪೆಡಲು ಪೂರ್ತಿ ಮೇಲೆ ಬರುತ್ತಿದೆಯೇ ನೋಡಿ. ಚೂರು ಒತ್ತಿದ್ದರೂ ಪೈಲಟ್ಟೇ ಬ್ರೇಕು ಹಿಡಿದ ಎಂದುಕೊಂಡು ಆಟೊಬ್ರೇಕ್ ಬಿಟ್ಟುಕೊಡುತ್ತದೆ.’ ನಾನು ಎಂಜಿನಿಯರ್, ಅಷ್ಟು ನನಗೆ ಗೊತ್ತು ಎಂದು ತಿರುಗಿ ಕುಟುಕಿದೆ.

ಮರುದಿನ ಬೆಳಿಗ್ಗೆ ಈಸ್ಟ್ ತಮಾಕಿಯ ಫ್ಯಾಕ್ಟರಿಗೆ ಫೋನು ಮಾಡಿ, ಜ್ವರ ಎಂದು ಹೇಳಿ ಗ್ಯಾರೇಜಿಗೆ ಇಳಿದೆ. ಹೆಂಡತಿ ಕೆಲಸಕ್ಕೆ ಹೋಗಿದ್ದಳು. ಪ್ರೋಗ್ರಾಮನ್ನು ಅಳಿಸಿ ಮತ್ತೆ ಹಾಕಿದೆ. ಸ್ವಿಚ್ಚುಗಳನ್ನೆಲ್ಲ ತಡವಿದೆ. ವಿಮಾನ ಮತ್ತೆ ಹುಲ್ಲಿಗೇ ಹೋಯಿತು. ಕೊನೆಗೆ ಬೇರೆ ದಾರಿಯಿಲ್ಲದೆ ಟಾರ್ಚು ಹಿಡಿದು ನೆಲಕ್ಕೆ ಬೋರಲು ಮಲಗಿ ಪೆಡಲಿನ ಸಂದು ನೋಡಿದೆ.

ಅಕ್ಷತೆ! ಅರಿಶಿನ ಕುಂಕುಮ ಕಲಸಿದ ಅಕ್ಕಿ ಬಲಗಡೆಯ ಪೆಡಲಿನ ಕೀಲಿನಲ್ಲಿ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ವಾರದ ಹಿಂದಷ್ಟೇ ಆಯುಧಪೂಜೆ ಮಾಡಿದ್ದೆವು. ಕಾರು, ಮಿಕ್ಸಿ, ಹುಲ್ಲು ಕತ್ತರಿಸುವ ಮಷೀನಿನ ಜೊತೆ ನನ್ನ ವಿಮಾನಕ್ಕೂ. “ನಾಲ್ಕು ಕಾಳು ಸಾಕು ಕಣೋ” ಎಂದು ಅಮ್ಮ ಅಂದರೂ ಕೇಳದೆ, ಫೋಟೊದಲ್ಲಿ ಚೆನ್ನಾಗಿ ಕಾಣಲೆಂದು ಹಿಡಿ ತುಂಬ ಎರಚಿದವನು ನಾನೇ. ಕಟ್ಟೆಯಲ್ಲಿ ಆ ಪುಣ್ಯಾತ್ಮನಿಗೆ ಪೂಜೆಯ ಅಕ್ಕಿ ಎಂದು ಬರೆಯಲು ಮುಖವಿಲ್ಲದೆ, ‘ಏನೋ ಕಸ ಸಿಕ್ಕಿತ್ತು, ಕ್ಷಮಿಸಿ’ ಎಂದು ಬರೆದೆ.

ಸೂಜಿಯಿಂದ ಕಾಳು ಕಾಳೇ ಬಿಡಿಸಿ ತೆಗೆದು, ಅಮ್ಮನನ್ನು ಕೂಗಿ ಕರೆದು ಕೂರಿಸಿ ಇಳಿಸಿದೆ. ವಿಮಾನ ತಾನಾಗಿಯೇ ಬ್ರೇಕು ಹಿಡಿದು ರನ್‌ವೇ ನಡುವೆ ಸಾಧುವಾಗಿ ನಿಂತಿತು.

“ನೋಡಿದ್ಯಾ? ಈಗ ಭಯ ಹೋಯ್ತಾ?”

“ನಿಲ್ತು. ಸಂತೋಷ.” ಸೆರಗಿಗೆ ಕೈ ಒರೆಸಿಕೊಂಡಳು. “ಇವತ್ತು ಕೆಲಸಕ್ಕೆ ಹೋಗ್ಲಿಲ್ವಲ್ಲಪ್ಪ. ಇದಕ್ಕೆ ರಜಾ ಸಿಕ್ತಾ?”

ನಾನು ಪರದೆ ನೋಡಿದೆ.

“ಬ್ರೇಕು ಹಿಡಿಯೋದು ಪೈಲಟ್ ಪಾಡು, ನಂಗ್ಯಾಕೆ? ಏರ್‌ಪೋರ್ಟಲ್ಲಿ ಯಾರಾದ್ರೂ ಇಂಗ್ಲಿಷಲ್ಲಿ ಏನಾದ್ರೂ ಕೇಳಿದ್ರೆ ನಂಗೆ ಹೇಳಕ್ಕೆ ಬರಲ್ಲ. ಯಾವ ಕಡೆ ಹೋಗ್ಬೇಕು ಅಂತ ತಿಳಿಯಲ್ಲ. ಮೊನ್ನೆ ಬಂದಾಗ ಜೊತೇಲಿದ್ದೋರ ಸೀರೆ ಅಂಚು ನೋಡ್ಕೊಂಡೇ ಹಿಂದೆ ಹಿಂದೆ ನಡೆದೆ ಕಣೋ. ಅಲ್ಲಿ ಅವಳು ಹಸಿ ಮೈಯಲ್ಲಿ ಅಳ್ತಾ ಇದಾಳೆ, ಹೋಗ್ಲೇಬೇಕು. ಒಬ್ಬಳೇ ಆದ್ರೂ ಹೋಗ್ತೀನಿ ಬಿಡು.”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಲ್ಲೇ ಕೂತು ಮೇಲಧಿಕಾರಿಗೆ ಫೋನು ಮಾಡಿದೆ. ಆತ ಮೊದಲು ಜ್ವರ ಹೇಗಿದೆ ಎಂದು ವಿಚಾರಿಸಿದ. ತಂಗಿಗೆ ಮಗುವಾಗಿದೆ, ತಾಯಿಯನ್ನು ಅವಳ ಮನೆಗೆ ಬಿಟ್ಟು ಬರಬೇಕು, ರಜಾ ಬೇಕಿತ್ತು ಎಂದೆ. ಖಂಡಿತ ಹೋಗಿ ಬಾ, ಮಗುವಿಗೆ ನನ್ನ ಶುಭಾಶಯ ಹೇಳು ಎಂದು ಈ ದೇಶದವನೇ ಆದ ಆ ಸಾಹೇಬ ಒಂದೇ ಮಾತಿಗೆ ಒಪ್ಪಿಬಿಟ್ಟ.

“ಏನಂದ್ರೋ?” ಅಮ್ಮ ಕೇಳಿದಳು.

“ಹೋಗಿ ಬಾ ಅಂದ್ರು.”

ಅವಳ ಮುಖ ಅರಳಿತು. “ಪಾಪ, ಒಳ್ಳೆಯವರು. ಮತ್ತೆ ಮೊನ್ನೆ ನೀನು ಕೇಳಿದಾಗ ಯಾಕೆ ಆಗಲ್ಲ ಅಂದಿದ್ರು?”

ನಾನು ಕೇಳಿಯೇ ಇರಲಿಲ್ಲ.