ಓಗೊಟ್ಟದ್ದು ನಾನು

ನಾನು ಗಣಿತದ ಮಾಸ್ತರ. ಶಿರಸಿಯ ಹೈಸ್ಕೂಲೊಂದರಲ್ಲಿ ಮಕ್ಕಳಿಗೆ ಲೆಕ್ಕ ಕಲಿಸುವುದರಲ್ಲೇ ಅರ್ಧ ಆಯುಷ್ಯ ಕಳೆದವನು. ಸ್ಟಾಫ್ ರೂಮಿನಲ್ಲಿ ಯಾರಾದರೂ ದೆವ್ವ, ಚೌಡಿ ಎಂದು ಶುರು ಮಾಡಿದರೆ, "ಅದರ ಉದ್ದ ಅಗಲ ಹೇಳಿ, ವಿಸ್ತೀರ್ಣ ತೆಗೆಯೋಣ" ಎಂದು ಕಾಲೆಳೆಯುತ್ತಿದ್ದೆ. ಆದ್ದರಿಂದ ಇದನ್ನು ಓದಿದ ಮೇಲೆ ಸಹೋದ್ಯೋಗಿಗಳು ನನ್ನ ಕಾಲೆಳೆದರೆ ಬಾಯಿ ಮುಚ್ಚಿಕೊಂಡು ಕೂರುವುದು ನ್ಯಾಯ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು, ಯಾಕೆಂದರೆ ನನಗೇ ಇನ್ನೂ ತೀರ್ಮಾನವಾಗಿಲ್ಲ.

ಕೆಲವು ವರ್ಷಗಳ ಹಿಂದೆ ನಾವು ಮೂವರು ಸಿದ್ದಾಪುರದ ಹತ್ತಿರದ ಕೋಲಸಿರ್ಸಿಯಿಂದ ಯಲ್ಲಾಪುರದವರೆಗೆ, ಆದಷ್ಟೂ ಡಾಂಬರು ರಸ್ತೆ ತಪ್ಪಿಸಿ, ಕಾಡಿನ ಕಾಲುದಾರಿಯಲ್ಲಿ ನಡೆದುಹೋಗುವುದು ಎಂದು ನಿಶ್ಚಯಿಸಿದ್ದೆವು. ಒಬ್ಬ ನಾನು. ಇನ್ನೊಬ್ಬ ಕೋಲಸಿರ್ಸಿಯ ಗಣಪತಿ, ನನ್ನ ಸೋದರಮಾವನ ಮಗ. ಮೂರನೆಯವನು ಯಲ್ಲಾಪುರದ ರಫೀಕ, ಲಾರಿ ಇಟ್ಟುಕೊಂಡವನು, ನನ್ನ ಹಳೆಯ ಗೆಳೆಯ. ಈ ನಡಿಗೆ ಅವನದೇ ಹಟ. ಅದರ ಹಿಂದಿನ ವರ್ಷ ರಫೀಕನಿಗೆ ಶ್ವಾಸಕೋಶದ ಕಾಯಿಲೆ ಬಂದು, ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಇನ್ನು ಉಳಿಯುವುದಿಲ್ಲ ಎಂದು ನಾವೆಲ್ಲ ಒಳಗೊಳಗೇ ಅಂದುಕೊಂಡಿದ್ದೆವು. ಆಗ ನನ್ನ ಕೈ ಹಿಡಿದು ಹೇಳಿದ್ದ: "ಇಲ್ಲಿಂದ ಎದ್ರೆ ಒಂದ್ಸಲ ನಿಮ್ಮ ಕಡೆಯಿಂದ ನಡ್ಕೊಂಡೇ ಮನೆಗೆ ಹೋಗ್ತೀನಿ ಮಾಸ್ತರ್ರೇ. ಗಾಡಿ ಹತ್ತೂದಿಲ್ಲ."

ಎದ್ದ. ಡಾಕ್ಟರು ನಡೆಯಲು ಅಡ್ಡಿಯಿಲ್ಲ ಎಂದರು. ಆದರೆ ಕೆಮ್ಮು ಮಾತ್ರ ಅವನನ್ನು ಬಿಟ್ಟಿರಲಿಲ್ಲ. ಎರಡು ಸಲ ಒಣ ಕೆಮ್ಮು, ಆಮೇಲೆ ಗಂಟಲಿನಲ್ಲಿ ಒಂದು ಎಳೆತ. "ಸ್ಟಾರ್ಟರ್ ಹಿಡೀತಾ ಇಲ್ಲ" ಎಂದು ಅವನೇ ನಗುತ್ತಿದ್ದ. ಅವನ ಹೆಂಡತಿ ಮುಮ್ತಾಜ್ ನಗುತ್ತಿರಲಿಲ್ಲ. ನಾನು ಖುದ್ದಾಗಿ ಹೋಗಿ, ಅವನನ್ನು ಜೋಪಾನವಾಗಿ ಮನೆ ಬಾಗಿಲಿಗೆ ತಂದು ಬಿಡುತ್ತೇನೆ ಎಂದು ಮಾತು ಕೊಟ್ಟ ಮೇಲಷ್ಟೇ ಅವಳು ಹೂಂ ಅಂದದ್ದು.

ಹೊರಡುವ ಹಿಂದಿನ ದಿನ ಗಣಪತಿಯ ಮನೆಯಲ್ಲಿ ಸೇರಿದೆವು. ರಸ್ತೆ ಬದಿಯ ಹೊಸ ಮನೆ, ಎದುರಿಗೆ ಕೊಯ್ಲು ಮುಗಿದ ಗದ್ದೆ, ಹಿಂದೆ ಸೊಪ್ಪು ತರುವ ಬೆಟ್ಟ. ಮಧ್ಯಾಹ್ನದಿಂದ ಚೀಲ ತುಂಬುವುದು, ಭಾರ ಹೆಚ್ಚಾಯಿತೆಂದು ಸುರಿಯುವುದು, ಮತ್ತೆ ತುಂಬುವುದು ಇದೇ ಆಯಿತು. ರಫೀಕ ಲಾರಿಯ ತಾಡಪತ್ರಿಯಲ್ಲಿ ಒಂದು ತುಂಡು, ಹಗ್ಗ ತಂದಿದ್ದ. ಅತ್ತೆ, ಅಂದರೆ ಗಣಪತಿಯ ತಾಯಿ, ನಾವೇನೋ ದಂಡಯಾತ್ರೆಗೆ ಹೊರಟವರಂತೆ ಅವಲಕ್ಕಿ, ಉಪ್ಪಿನಕಾಯಿ ತಂದು ತಂದು ಇಟ್ಟರು.

ಆಗ ಗಣಪತಿ ಫೋನಿನ ಮಾತು ತೆಗೆದ. ಕಾಡಿನಲ್ಲಿ ಸಿಗ್ನಲ್ ಸಿಗುವುದಿಲ್ಲ, ಯಾರಾದರೂ ಹಿಂದೆ ಬಿದ್ದರೆ 'ಕೂ' ಹಾಕಬೇಕು ಎಂದ. ನಮ್ಮ ಕಡೆ ಬೆಟ್ಟದಲ್ಲಿ ಹೆಸರು ಹಿಡಿದು ಕರೆಯುವುದಿಲ್ಲ. ಉದ್ದಕ್ಕೆ 'ಕೂ' ಎಂದು ಕೂಗುವುದು, ಕೇಳಿಸಿಕೊಂಡವರು 'ಓ' ಎಂದು ಓಗೊಡುವುದು. ಕೇಳಿಯೂ ಓಗೊಡದೆ ಇರುವುದೆಂದರೆ ಮನೆಗೆ ಬಂದವರಿಗೆ ಆಸರಿಗೆ, ಅಂದರೆ ಕುಡಿಯಲು ಏನು ಬೇಕು ಎಂದು ಕೇಳದೆ ಇದ್ದ ಹಾಗೆ. ಅದು ಚಿಕ್ಕಂದಿನಿಂದ ಬಾಯಿಗೆ ಅಂಟಿಬಿಡುತ್ತದೆ, ಯೋಚಿಸಿ ಮಾಡುವ ಕೆಲಸವಲ್ಲ. ಇದಕ್ಕೊಂದು ಕಟ್ಟಳೆಯೂ ಇದೆ. ದೀಪ ಹಚ್ಚಿದ ಮೇಲೆ ಕೂ ಕೇಳಿದರೆ ಮೂರನೆಯದಕ್ಕೆ ಮಾತ್ರ ಓಗೊಡಬೇಕು. ಮನುಷ್ಯರಾದರೆ ಮೂರು ಸಲ ಕರೆಯುತ್ತಾರೆ, ಮನುಷ್ಯರಲ್ಲದ್ದು ಮೂರನೆಯ ಸಲ ಕರೆಯುವುದಿಲ್ಲವಂತೆ. ಅಜ್ಜಿ ಹೇಳಿದ ಈ ಮಾತನ್ನು ನಾನು ಎಂದೋ ಕಟ್ಟುಕತೆಗಳ ಗಂಟಿಗೆ ಸೇರಿಸಿದ್ದೆ.

ಪೇಟೆಯಲ್ಲಿ ಬೆಳೆದ ರಫೀಕನಿಗೆ ಇದೆಲ್ಲ ಹೊಸದು. ಇನ್ನೂ ಬಿಸಿಲಿರುವಾಗಲೇ ಅವನನ್ನು ಬೆಟ್ಟದ ಅಂಚಿಗೆ ಕಳಿಸಿ ಅಭ್ಯಾಸ ಮಾಡಿಸಿದೆವು. ಅವನ ಕೂ ಅರ್ಧಕ್ಕೆ ಒಡೆದು, ಎರಡು ಕೆಮ್ಮಾಗಿ, ಗಂಟಲಿನ ಎಳೆತದಲ್ಲಿ ಮುಗಿಯಿತು. ಅಂಗಳದಲ್ಲಿ ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. "ಇವನ ಕೂ ಸಾವ್ರ ಜನರ ಮಧ್ಯ ಇದ್ರೂ ಗೊತ್ತಾಗ್ತು ಭಾವ" ಎಂದ ಗಣಪತಿ. ರಫೀಕ ತಾನೂ ನಗುತ್ತ ಇಳಿದು ಬಂದ.

ಹೊತ್ತು ಮುಳುಗಿತು. ಅತ್ತೆ ಒಳಗೆ ದೇವರಿಗೆ ದೀಪ ಹಚ್ಚಿದ್ದರು. ನಾವು ಮೂವರೂ ಹೊರಗಿನ ಸಿಮೆಂಟು ಕಟ್ಟೆಯ ಮೇಲೆ ಕೊನೆಯ ಕೆಲಸ ಮುಗಿಸುತ್ತಿದ್ದೆವು. ಗಣಪತಿ ಎದುರಿಗೆ ಕೂತು ತಾಡಪತ್ರಿ ಸುತ್ತುತ್ತಿದ್ದ. ನಾನು ಅವಲಕ್ಕಿಯನ್ನು ಮೂರು ಪಾಲು ಮಾಡುತ್ತಿದ್ದೆ. ರಫೀಕ ನನ್ನ ಪಕ್ಕದಲ್ಲಿ ಹೊಸ ಬೂಟಿಗೆ ಲೇಸು ಪೋಣಿಸುತ್ತಿದ್ದ. ಆಗ ಬೆಟ್ಟದ ಕಡೆಯಿಂದ ಕೂ ಕೇಳಿಸಿತು. ಅರ್ಧಕ್ಕೆ ಒಡೆದು, ಎರಡು ಕೆಮ್ಮು, ಕೊನೆಗೆ ಆ ಎಳೆತ. ರಫೀಕ ಕರೆಯುತ್ತಿದ್ದಾನೆ ಎಂದುಕೊಂಡು ನಾನು ತಲೆಯೆತ್ತದೆಯೇ "ಓ" ಎಂದೆ.

ಅಂದ ಮೇಲೆ ನನ್ನ ಮೊಣಕಾಲಿಗೆ ರಫೀಕನ ಮೊಣಕಾಲು ತಾಗಿಕೊಂಡಿರುವುದು ಗಮನಕ್ಕೆ ಬಂತು. ತಿರುಗಿ ನೋಡಿದೆ. ಲೇಸಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಅವನು ಬೆಟ್ಟವನ್ನೇ ನೋಡುತ್ತಿದ್ದ. ಕೂಗುವುದಿರಲಿ, ಮಾತಾಡುವುದಕ್ಕೂ ಅವನ ಬಾಯಿ ಖಾಲಿ ಇರಲಿಲ್ಲ.

ಅತ್ತೆ ಹೊಸ್ತಿಲಿಗೆ ಬಂದು ನಿಂತರು. "ಓ ಹೇಳಿದ್ದು ಯಾರು?" ಎಂದು ಕೇಳಿದರು. ನಾನು ಎಂದೆ. "ಎಷ್ಟನೇ ಕೂಗಿಗೆ?" ಮೊದಲನೆಯದಕ್ಕೇ ಎಂದೆ. ಅವರು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟರು.

ಎರಡನೆಯ ಕೂ ಬೆಟ್ಟದಿಂದ ಬರಲಿಲ್ಲ. ಇತ್ತ ಹಿತ್ತಲಿನ ಬೇಲಿಯ ಹತ್ತಿರದಿಂದ ಬಂತು. ಕೆಮ್ಮು ಎಷ್ಟು ಸ್ಪಷ್ಟವಾಗಿತ್ತೆಂದರೆ ಆ ಗಂಟಲಿನ ನೋವೂ ತಿಳಿಯುವಂತಿತ್ತು. ರಫೀಕ ನನ್ನ ತೋಳು ಹಿಡಿದುಕೊಂಡ. "ನಾನು ಇಲ್ಲೇ ಇದ್ದೀನಲ್ಲ ಮಾಸ್ತರ್ರೇ?" ಎಂದು ಕೇಳಿದ. ತಮಾಷೆಗೆ ಕೇಳಿದ್ದಲ್ಲ, ಉತ್ತರ ಬೇಕಾಗಿ ಕೇಳಿದ್ದು. ಆಸ್ಪತ್ರೆಯಿಂದ ಎದ್ದು ಬಂದವನನ್ನು ಯಾವುದೋ ವಾಪಸು ಕೇಳಲು ಬಂದಿದೆ, ನಾನು ಒಪ್ಪಿ ಓ ಅಂದುಬಿಟ್ಟೆ ಎನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಮುಮ್ತಾಜಳ ಮುಖ ಕಣ್ಣೆದುರು ಬಂತು.

ಇನ್ನು ಮೂರನೆಯದು ಬರಬೇಕು. ಬಂದರೆ ಮನುಷ್ಯರು, ಯಾರೋ ಚೇಷ್ಟೆಯವರು, ಹಿಡಿದು ನಾಲ್ಕು ಬಿಡಬಹುದು. ದೆವ್ವದ ವಿಸ್ತೀರ್ಣ ಕೇಳುತ್ತಿದ್ದ ನಾನು ಒಂದು ಕೂಗು ಬರಲಿ ದೇವರೇ ಎಂದು ಕೈ ಮುಗಿದುಕೊಂಡು ಕೂತಿದ್ದೆ. ಗದ್ದೆಯಾಚೆ ಸಿದ್ದಾಪುರದ ಬಸ್ಸೊಂದು ಹೋದ ಸದ್ದು ಕೇಳಿತು. ಬೇಲಿಯ ಕಡೆಯಿಂದ ಏನೂ ಇಲ್ಲ. ಮೂರನೆಯದು ಬರಲೇ ಇಲ್ಲ.

ಕೊನೆಗೆ ಅತ್ತೆ ಎದ್ದು ರಫೀಕನನ್ನು ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಆಮೇಲೆ ನನ್ನೊಬ್ಬನಿಗೇ ಹೇಳಿದರು: "ಕೂಗಿದ್ದು ಅವನ ದನಿ, ಓ ಹೇಳಿದ್ದು ನಿಂದು. ಅದು ಯಾರನ್ನ ಬೇಡಿ ಬಂದಿತ್ತೋ ಎನಗೆ ಗೊತ್ತಿಲ್ಲೆ ತಮಾ."

ಪ್ರತಿಧ್ವನಿ ಎನ್ನೋಣವೆಂದರೆ ರಫೀಕ ಕೂಗಿ ಬಹಳ ಹೊತ್ತಾಗಿತ್ತು. ಕಾಜಾಣ ಹಕ್ಕಿ ಬೇರೆಯವರ ದನಿಯನ್ನು ಅನುಕರಿಸುತ್ತದೆ ಎನ್ನುತ್ತಾರೆ. ಅದೇ ಇರಬೇಕು ಎಂದು ನಾನು ಇವತ್ತಿಗೂ ಜನರ ಮುಂದೆ ಹೇಳುತ್ತೇನೆ. ಆದರೆ ಒಂದೇ ಸಲ ಕೇಳಿದ ಕೆಮ್ಮನ್ನು, ಆ ಎಳೆತದ ಸಮೇತ, ಯಾವ ಹಕ್ಕಿ ಕಲಿತೀತು?

ಬೆಳಿಗ್ಗೆ ಎದ್ದಾಗ ಹೋಗುವುದೇ ಬೇಡ ಎಂದೆ. ರಫೀಕ ಅಷ್ಟರಲ್ಲಾಗಲೇ ಬೂಟು ಕಟ್ಟಿಕೊಂಡಿದ್ದ. "ಹೆದರ್ಕೊಂಡು ಗಾಡಿ ಹತ್ತಿದ್ರೆ ನಾನಿನ್ನೂ ಆಸ್ಪತ್ರೆಲೇ ಇದ್ದಂಗೆ" ಎಂದ. ಹೊರಟೆವು. ದಾರಿಯುದ್ದಕ್ಕೂ ನಾನು ಅವನನ್ನು ಕೈಗೆ ಎಟುಕದಷ್ಟು ದೂರ ಹೋಗಗೊಡಲಿಲ್ಲ. ಮೂವರಲ್ಲಿ ಒಬ್ಬರೂ ಕೂ ಹಾಕಲಿಲ್ಲ. ಶಿರಸಿ ದಾಟಿದ ಮೇಲೆ ಏರು ಹತ್ತುವಾಗ ನನಗೆ ಹೊಳೆಯಿತು, ರಫೀಕ ಕೆಮ್ಮುತ್ತಿಲ್ಲ. ಹೊರಟಲ್ಲಿಂದ ಒಂದು ಸಲವೂ ಕೆಮ್ಮಿಲ್ಲ.

ಯಲ್ಲಾಪುರದ ಮನೆ ಬಾಗಿಲಿನಲ್ಲಿ ಅವನು ಮುಮ್ತಾಜಳ ಎದುರು ನಿಂತು ದೊಡ್ಡದಾಗಿ ನಕ್ಕ. ನಗುವಿನ ಕೊನೆಗೆ ಬರಬೇಕಾದ ಕೆಮ್ಮು ಬರಲಿಲ್ಲ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು, ನನಗೆ ಕೈ ಮುಗಿದಳು. ಡಾಕ್ಟರಿಗೂ ಆಶ್ಚರ್ಯ, ಸಂತೋಷ. ಕೊಟ್ಟ ಮಾತು ಉಳಿಸಿಕೊಂಡೆ ಎಂದು ನನಗೂ ಸಂತೋಷವಾಗಬೇಕಿತ್ತು. ಆದರೆ ಆ ಕೆಮ್ಮನ್ನು ಕೊನೆಯ ಸಲ ಎಲ್ಲಿ ಕೇಳಿದ್ದೆ ಎಂಬುದು ನೆನಪಾಗಿ ಅವಳು ಕೊಟ್ಟ ಚಹಾವನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಈಚೆಗೆ ಗಣಪತಿ ಫೋನು ಮಾಡಿದ್ದ. ಅದೂ ಇದೂ ಮಾತಾಡಿ ಕೊನೆಗೆ ಹೇಳಿದ: "ಆ ಕೂ ಇನ್ನೂ ಕೇಳ್ತು ಭಾವ, ಕೆಮ್ಮಿನ ಸಮೇತ. ಎಂಗ ಯಾರೂ ಓ ಹೇಳ್ತ್ವಿಲ್ಲೆ. ಆದ್ರೂ ಬೆಟ್ಟದಲ್ಲಿ ಯಾರೋ ಓ ಹೇಳ್ತ." ಯಾರು ಎಂದು ಕೇಳಿದೆ. "ಗುರ್ತಿನ ದನಿ ಭಾವ. ನೀ ದೀಪ ಹಚ್ಚ ಹೊತ್ತಿಗೆ ಇತ್ಲಾಗೆ ಬರಡ" ಎಂದು, ಬರಲೇಬಾರದೆಂದು ತಾಕೀತು ಮಾಡಿ ಫೋನಿಟ್ಟ.

ರಫೀಕನಿಗೆ ಇದನ್ನು ಹೇಳಿಲ್ಲ. ಅವನು ಗುಂಡುಕಲ್ಲಿನಂತೆ ಇದ್ದಾನೆ, ಈ ಚಳಿಗಾಲದಲ್ಲಿ ಕೋಲಸಿರ್ಸಿಯಿಂದಲೇ ಇನ್ನೊಮ್ಮೆ ನಡೆಯೋಣ ಎಂದು ಬೆನ್ನು ಹತ್ತಿದ್ದಾನೆ. ನಾನು ಪರೀಕ್ಷೆ, ಪೇಪರು ಎಂದು ನೆಪ ಹೇಳುತ್ತಿದ್ದೇನೆ. ಹೆಂಡತಿ ಒಳಗಿನಿಂದ ಕರೆದರೆ ಈಗ "ಬಂದೆ" ಎನ್ನುತ್ತೇನೆ. ಮೊದಲಿನ ಹಾಗೆ "ಓ" ಎನ್ನಲು ಬಾಯಿ ತೆರೆದರೆ ದನಿ ಹೊರಡುವುದಿಲ್ಲ. ಹೆದರಿಕೆಗೇ ಇರಬೇಕು. ಹಾಗೆಂದು ಅಂದುಕೊಂಡಿದ್ದೇನೆ.